ಕೂಸು ನೋಡುವವಳ ತಾಸು

ಎಂಟು ತಾಸಿನ ದುಡಿಮೆಯ ಚರಿತ್ರೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಗಿರಣಿ, ಗಣಿ, ರೈಲು, ಮೇ ದಿನ ಎಲ್ಲವೂ ಅದರಲ್ಲಿ ಬರುತ್ತವೆ. ಆದರೆ ಗಿರಣಿಗೆ ಹೋದ ತಾಯಿಯ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಕೂತವಳ ಹೊತ್ತು ಎಷ್ಟಿತ್ತು, ಅದನ್ನು ಯಾರು ಗೊತ್ತು ಮಾಡಿದರು ಅನ್ನೋ ಮಾತು ಅಷ್ಟಾಗಿ ಬರುವುದಿಲ್ಲ.

ನನಗೆ ಈ ಪ್ರಶ್ನೆ ಹತ್ತಿಸಿದವಳು ನಮ್ಮ ಅಕ್ಕ. ಇಟಗಿಯಿಂದ ಹುಬ್ಬಳ್ಳಿಗೆ ಮದುವೆಯಾಗಿ ಹೋದವಳು. ಕೆಲವು ವರ್ಷಗಳಿಂದ ತನ್ನ ಮನೆಯಲ್ಲೇ ಏಳು ಸಣ್ಣ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಮೊದಲ ಕೂಸು ಬೆಳಿಗ್ಗೆ ಎಂಟಕ್ಕೆ ಬರುತ್ತದೆ, ಕೊನೆಯದು ಹೋಗುವುದು ಸಂಜೆ ಏಳೂವರೆಗೆ. ಶನಿವಾರವೂ ಅಷ್ಟೇ. "ತಮ್ಮಾ, ನೀ ಅದೂ ಇದೂ ಓದ್ತಿಯಲ್ಲಾ, ನಾ ಎಷ್ಟ ಹೊತ್ತಿಗೆ ಬಾಗ್ಲಾ ಹಾಕಿದ್ರ ತಪ್ಪಲ್ಲಾ, ಹೇಳ ನೋಡೂಣು" ಅಂತ ಫೋನಿನಲ್ಲಿ ಕೇಳಿದಳು. ಸುಮ್ಮನೆ "ಆರಕ್ಕ ಹಾಕು" ಅನ್ನಬಹುದಿತ್ತು. ಆರಕ್ಕೇ ಯಾಕೆ? ಐದಕ್ಕೆ ಯಾಕಲ್ಲ? ಅದಕ್ಕೆ ಉತ್ತರ ಹುಡುಕಲು ಹೋಗಿ ನೂರಾ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಟ್ಟಲಿನಿಂದ ಬಂದ ತಾಸು

ಮೊದಲು ನಮ್ಮೂರಿನ ಪರಿಚಯ. ಇಟಗಿ ಅಂದ ತಕ್ಷಣ ಬಹಳ ಜನ ಕೊಪ್ಪಳ ಜಿಲ್ಲೆಯ ಮಹಾದೇವ ದೇವಾಲಯದ ಇಟಗಿ ಅಂದುಕೊಳ್ಳುತ್ತಾರೆ. ಅದು ಬೇರೆ. ನಮ್ಮದು ಹಳೆಯ ರೋಣ ತಾಲ್ಲೂಕಿನ ಇಟಗಿ, ಭೀಮಾಂಬಿಕೆಯ ಇಟಗಿ. 1997ರವರೆಗೆ ಧಾರವಾಡ ಜಿಲ್ಲೆ, ಆಮೇಲೆ ಗದಗ ಜಿಲ್ಲೆ. ಎರೆ ಹೊಲ, ಜೋಳ, ಕಡಲೆ, ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿಯ ಸೀಮೆ.

ನಮ್ಮ ಕಡೆ ಗಂಟೆ ಅನ್ನುವುದಕ್ಕಿಂತ ತಾಸು ಅನ್ನುವುದೇ ಹೆಚ್ಚು. ಈ ಮಾತು ಪರ್ಷಿಯನ್ ಕಡೆಯಿಂದ ಮರಾಠಿಗೂ ನಮಗೂ ಬಂದದ್ದು. ಮೂಲದ ಅರ್ಥ ಬಟ್ಟಲು. ಗಡಿಯಾರ ಬರುವ ಮೊದಲು ತಳಕ್ಕೆ ಸಣ್ಣ ತೂತು ಹಾಕಿದ ಬಟ್ಟಲನ್ನು ನೀರಿನ ಮೇಲೆ ಬಿಟ್ಟು, ಅದು ತುಂಬಿ ಮುಳುಗಿದಾಗ ಒಂದು ಘಳಿಗೆ ಎಂದು ಎಣಿಸುತ್ತಿದ್ದರು. ದಿನಕ್ಕೆ 60 ಘಳಿಗೆ, ಒಂದಕ್ಕೆ 24 ನಿಮಿಷ. ಹೊಲದ ಕೆಲಸಕ್ಕೆ ಈ ಎಣಿಕೆಯೂ ಬೇಕಿರಲಿಲ್ಲ. ಹೊತ್ತು ಹುಟ್ಟುವ ಮುಂದೆ ಹೋಗುವುದು, ಹೊತ್ತು ಮುಳುಗುವ ಮುಂದೆ ಬರುವುದು.

ಕಳೆ ತೆಗೆಯಲು, ಹತ್ತಿ ಬಿಡಿಸಲು ಹೋದ ಹೆಣ್ಣುಮಕ್ಕಳ ಕೂಸುಗಳನ್ನು ಯಾರು ನೋಡುತ್ತಿದ್ದರು? ಒಂದೋ ಮನೆಯ ಮುದುಕಿ, ಇಲ್ಲವೇ ಏಳೆಂಟು ವರ್ಷದ ಅಕ್ಕ. ಎರಡೂ ಇಲ್ಲದಿದ್ದರೆ ಹೊಲದ ಬದುವಿನ ಬೇವಿನ ಗಿಡಕ್ಕೆ ಸೀರೆಯ ಜೋಳಿಗೆ. ಮುದುಕಿಗೆ ಇದು "ಕೂತಲ್ಲೇ ಆಗುವ ಕೆಲಸ", ಹುಡುಗಿಗೆ "ಆಟದ ಜೊತೆಗೆ ಆಗುವ ಕೆಲಸ". ಅಂದರೆ ಇಬ್ಬರದ್ದೂ ಕೆಲಸವೇ ಅಲ್ಲ. ಆ ಹುಡುಗಿ ಸಾಲಿ ಬಿಟ್ಟದ್ದು ಯಾವ ಲೆಕ್ಕಕ್ಕೂ ಬರಲಿಲ್ಲ. ಒಂದು ವಿಷಯ ಗಮನಿಸಿ: ತಾಯಿ ಹೊಲಕ್ಕೆ ಹೊರಡುವ ಮೊದಲೇ ಕೂಸು ಇನ್ನೊಬ್ಬರ ಕಂಕುಳಿಗೆ ಹೋಗಿರುತ್ತದೆ, ಅವಳು ಮನೆ ಮುಟ್ಟಿದ ಮೇಲೆಯೇ ವಾಪಸು ಬರುತ್ತದೆ. ನೋಡಿಕೊಳ್ಳುವವಳ ಹೊತ್ತು ಯಾವಾಗಲೂ ದುಡಿಯುವವಳ ಹೊತ್ತಿಗಿಂತ ಉದ್ದ. ಎಷ್ಟು ಉದ್ದ ಅಂದರೆ, ಹೋಗಿ ಬರುವ ದಾರಿಯಷ್ಟು. ಈ ಸಣ್ಣ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

ಗಿರಣಿಯ ಸಿಳ್ಳೆ

ಹತ್ತೊಂಬತ್ತನೇ ಶತಮಾನದಲ್ಲಿ ಗದಗ–ಹುಬ್ಬಳ್ಳಿ ಸೀಮೆಯಲ್ಲಿ ಧಾರವಾಡ–ಅಮೇರಿಕನ್ ಹತ್ತಿ ಹರಡಿತು. 1884ರಲ್ಲಿ ಗದಗಿಗೆ ರೈಲು ಬಂತು. ಅದರ ಬೆನ್ನಿಗೆ ಅರಳೆ ಬಿಡಿಸುವ, ಅಂಡಿಗೆ ಕಟ್ಟುವ ಗಿರಣಿಗಳು ಬೆಳೆದವು. ಹೊತ್ತಿನ ಜಾಗಕ್ಕೆ ಸಿಳ್ಳೆ ಬಂತು. ಸಿಳ್ಳೆಯ ಹಿಂದೆ ಕಾಯ್ದೆಯೂ ಬಂತು.

ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರದ್ದು. ಅದು ಮಕ್ಕಳ ದುಡಿಮೆಗೆ ಮಾತ್ರ ಮಿತಿ ಹಾಕಿತು: ಏಳು ವರ್ಷದ ಒಳಗಿನವರು ಬೇಡ, ಹನ್ನೆರಡರ ಒಳಗಿನವರಿಗೆ ದಿನಕ್ಕೆ ಒಂಬತ್ತು ತಾಸು! ಹೆಂಗಸರ ಸುದ್ದಿ ಬಂದದ್ದು 1891ರಲ್ಲಿ. ದಿನಕ್ಕೆ 11 ತಾಸು, ನಡುವೆ ಒಂದೂವರೆ ತಾಸು ವಿರಾಮ. 1922ರಲ್ಲಿ ದೊಡ್ಡವರಿಗೆಲ್ಲ ವಾರಕ್ಕೆ 60 ತಾಸು ಎಂದಾಯಿತು. 1934ರಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ 54; ಅರಳೆ ಗಿರಣಿಯಂಥ ಹಂಗಾಮಿ ಕಾರ್ಖಾನೆಗಳಿಗೆ 60 ಉಳಿಯಿತು. 1946ರ ತಿದ್ದುಪಡಿಯಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ಅದು ವಾರಕ್ಕೆ 48, ದಿನಕ್ಕೆ 9ಕ್ಕೆ ಇಳಿಯಿತು. ಸ್ವತಂತ್ರ ಭಾರತದ 1948ರ ಕಾಯ್ದೆ ಅದನ್ನೇ ಇಟ್ಟುಕೊಂಡಿತು. ಜೊತೆಗೆ, ಐದು ತಾಸಿಗಿಂತ ಹೆಚ್ಚು ಒಂದೇ ಸಮನೆ ದುಡಿಸಬಾರದು, ನಡುವೆ ಅರ್ಧ ತಾಸಾದರೂ ವಿರಾಮ ಕೊಡಬೇಕು ಎಂದಿತು.

ಅದೇ 1948ರ ಕಾಯ್ದೆಯ 48ನೇ ಕಲಮು ಶಿಶುಪಾಲನಾ ಕೋಣೆಯದ್ದು. ಮೊದಲಿಗೆ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ, 1976ರ ತಿದ್ದುಪಡಿಯ ನಂತರ 30ಕ್ಕಿಂತ ಹೆಚ್ಚು ಇದ್ದ ಕಡೆ, ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು. ಬೆಳಕು, ಗಾಳಿ, ಸ್ವಚ್ಛತೆ ಇರಬೇಕು. ಮಕ್ಕಳನ್ನು ನೋಡಿಕೊಳ್ಳಲು ತರಬೇತಿ ಪಡೆದ ಹೆಂಗಸರು ಇರಬೇಕು. 1951ರ ತೋಟ ಕಾರ್ಮಿಕರ ಕಾಯ್ದೆ ಇಂಥದ್ದೇ ಮಾತನ್ನು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೂ ತಂದಿತು.

ಕಲಮು ಒಳ್ಳೆಯದೇ. ಕೋಣೆಯ ಕಿಟಕಿಯ ತನಕ ಯೋಚನೆ ಮಾಡಿದ್ದಾರೆ. ಆದರೆ ಆ ತರಬೇತಾದ ಹೆಂಗಸು ಎಷ್ಟು ತಾಸು ಕೂತಿರಬೇಕು, ತಾಯಂದಿರು ಬಂದು ಮಕ್ಕಳನ್ನು ಒಯ್ಯುವವರೆಗಿನ ಹೊತ್ತು ಯಾರ ಲೆಕ್ಕ ಎಂಬುದರ ಬಗ್ಗೆ ಆ ಕಲಮಿನಲ್ಲಿ ಒಂದು ಅಕ್ಷರವೂ ಇಲ್ಲ.

ಇದು ನಮ್ಮ ದೇಶದ ಒಬ್ಬರದೇ ಕತೆಯಲ್ಲ. ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್ ಹತ್ತಿ ಗಿರಣಿಯ ರಾಬರ್ಟ್ ಓವೆನ್ 1816ರಲ್ಲಿ ಕಾರ್ಮಿಕರ ಪುಟ್ಟ ಮಕ್ಕಳಿಗೆ ಶಾಲೆ ತೆರೆದ. ಅದನ್ನು ನೋಡಿಕೊಳ್ಳಲು ಆರಿಸಿದ್ದು ಜೇಮ್ಸ್ ಬುಕಾನನ್ ಎಂಬ ನೇಕಾರನನ್ನು ಮತ್ತು ಮಾಲಿ ಯಂಗ್ ಎಂಬ 17ರ ಹುಡುಗಿಯನ್ನು. ದಿನಕ್ಕೆ ಎಂಟು ತಾಸು ದುಡಿಮೆ ಸಾಕು ಎಂದು ವಾದಿಸಿದವನೂ ಇದೇ ಓವೆನ್. ಎಂಟು ತಾಸಿನ ಬೇಡಿಕೆ, ಕೂಸುಗಳ ಶಾಲೆ ಎರಡೂ ಒಬ್ಬನ ತಲೆಯಲ್ಲೇ ಹುಟ್ಟಿದವು. ಮುಂದೆ ಅವು ಬೇರೆ ಬೇರೆ ದಾರಿ ಹಿಡಿದವು. ಎಂಟು ತಾಸು 1919ರ ಹೊತ್ತಿಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಒಪ್ಪಂದವಾಯಿತು. ಕೂಸು ನೋಡುವ ಕೆಲಸ "ಸೇವೆ"ಯಾಗಿ ಉಳಿಯಿತು.

ಅಂಗಳದ ಅಕ್ಕೋರು

ಸೇವೆ ಅನ್ನೋ ಮಾತು ಬಂತಲ್ಲ, ಅಂಗನವಾಡಿಗೆ ಬರೋಣ.

ತಾರಾಬಾಯಿ ಮೋಡಕ್ ಅವರು 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ, ಅನುತಾಯಿ ವಾಘ್ ಜೊತೆಗೆ, ಬಡವರ ಮಕ್ಕಳಿಗಾಗಿ ಬಾಲವಾಡಿ ಶುರುಮಾಡಿದರು. ಮಕ್ಕಳು ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂಬುದು ಅವರ ವಿಚಾರ. 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅಧ್ಯಕ್ಷತೆಯಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಹುಟ್ಟಿ, ಹಳ್ಳಿಗಳ ಬಾಲವಾಡಿಗಳಿಗೆ ನೆರವು ಕೊಟ್ಟಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ, 100 ಅಂಗನವಾಡಿಗಳೊಂದಿಗೆ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ.

ಆಗ ಕಾರ್ಯಕರ್ತೆಗೆ ತಿಂಗಳಿಗೆ ಕೊಡುತ್ತಿದ್ದದ್ದು ಮೆಟ್ರಿಕ್ ಆಗಿದ್ದರೆ 150 ರೂಪಾಯಿ, ಆಗಿರದಿದ್ದರೆ 100, ಸಹಾಯಕಿಗೆ 35. ಅದನ್ನು ಸಂಬಳ ಅನ್ನಲಿಲ್ಲ, ಗೌರವಧನ ಅಂದರು. ನನಗೆ ಈ ಚರಿತ್ರೆಯ ಕೀಲಿಕೈ ಈ ಒಂದು ಪದದಲ್ಲಿದೆ ಅನ್ನಿಸುತ್ತದೆ. ಸಂಬಳ ಅಂದರೆ ಅದಕ್ಕೆ ತಾಸಿನ ಲೆಕ್ಕ ಬೇಕು. ಗೌರವಕ್ಕೆ ತಾಸು ಎಲ್ಲಿಂದ?

ಮೊದಲಿಗೆ ಇದು ದಿನಕ್ಕೆ ನಾಲ್ಕೈದು ತಾಸಿನ ಅರೆಕಾಲಿಕ ಕೆಲಸ, ಊರಿನ ಹೆಣ್ಣುಮಗಳು ಮನೆಗೆಲಸದ ನಡುವೆ ಮಾಡುವಂಥದ್ದು ಎಂಬ ಎಣಿಕೆ. ಆಮೇಲೆ ಆದದ್ದೇನು? ಊಟ, ಲಸಿಕೆ, ತೂಕ, ಗರ್ಭಿಣಿಯರ ಪಟ್ಟಿ, ಮನೆಮನೆ ಸಮೀಕ್ಷೆ, ಚುನಾವಣೆಯ ಮತದಾರರ ಪಟ್ಟಿ. 2012ರಲ್ಲಿ ಯೋಜನೆಯನ್ನು ಹೊಸದಾಗಿ ರೂಪಿಸಿದಾಗ ಕೇಂದ್ರ ದಿನಕ್ಕೆ ಆರು ತಾಸು ತೆರೆದಿರಬೇಕು ಎಂದಾಯಿತು. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರ ಮಧ್ಯಾಹ್ನದ ಬಿಸಿಯೂಟ ಸೇರಿತು. 2021ರಿಂದ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್. ನಮ್ಮ ಕಡೆ ಅಕ್ಕೋರು ನಾಲ್ಕಕ್ಕೆ ಬೀಗ ಹಾಕಿದರೂ ಮೊಬೈಲು ರಾತ್ರಿ ಒಂಬತ್ತರವರೆಗೆ ತೆರೆದೇ ಇರುತ್ತದೆ, ನೆಟ್‌ವರ್ಕ್ ಸಿಗುವ ಹೊತ್ತಿಗೆ ತುಂಬಬೇಕಲ್ಲ.

ಈ "ಅರೆಕಾಲಿಕ" ಅನ್ನೋ ಹಣೆಪಟ್ಟಿ ಎಷ್ಟು ಗಟ್ಟಿ ನೋಡಿ. ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಅಂಗನವಾಡಿ ಕಾರ್ಯಕರ್ತೆಯರ ಹುದ್ದೆ ಸರ್ಕಾರಿ ನಾಗರಿಕ ಹುದ್ದೆಯಲ್ಲ ಎಂದಿತು. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್ ಹತ್ತಿರ ಸಾವಿರಾರು ಕಾರ್ಯಕರ್ತೆಯರು, ಸಹಾಯಕಿಯರು ರಸ್ತೆಯಲ್ಲೇ ಹಗಲು ರಾತ್ರಿ ಕೂತರು. ಕೊನೆಗೆ 2022ರ ಏಪ್ರಿಲ್ 25ರಂದು, ಗುಜರಾತಿನ ದಾಹೋದ್ ಜಿಲ್ಲೆಯ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಇವರಿಗೆ ಗ್ರಾಚ್ಯುಟಿ ಕೊಡಬೇಕು ಎಂದಿತು. ಇವರಿಗೆ ವಹಿಸಿರುವ ಕೆಲಸಗಳ ಪಟ್ಟಿಯನ್ನು ನೋಡಿದರೆ ಇದನ್ನು ಅರೆಕಾಲಿಕ ಕೆಲಸ ಎಂಬ ವಾದ ಒಪ್ಪಲು ಸಾಧ್ಯವೇ ಇಲ್ಲ ಎಂದೂ ಹೇಳಿತು. 1975ರಿಂದ 2022. ಕೂಸು ನೋಡುವುದು ಪೂರ್ತಿ ಕೆಲಸ ಎಂದು ಅತಿ ದೊಡ್ಡ ಕೋರ್ಟಿನಿಂದ ಬರೆಸಿಕೊಳ್ಳಲು ನಲವತ್ತೇಳು ವರ್ಷ ಹಿಡಿಯಿತು.

ಒಂದೇ ಒಂದು ಕಡೆ ಲೆಕ್ಕ ಸರಿ ಬಂದಿತ್ತು

ಅಂಗನವಾಡಿ ನಮ್ಮ ಕಡೆ ಸಾಮಾನ್ಯವಾಗಿ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕು. ಅದು ದುಡಿಯುವ ತಾಯಿಯ ದಿನಕ್ಕೆ ಸಾಲದು, ಮೂರು ವರ್ಷದ ಒಳಗಿನ ಕೂಸುಗಳು ಅಲ್ಲಿ ದಿನವಿಡೀ ಇರುವುದೂ ಕಡಿಮೆ. ಅದಕ್ಕಾಗಿ ಇದ್ದದ್ದು 2006ರ ರಾಜೀವ್ ಗಾಂಧಿ ರಾಷ್ಟ್ರೀಯ ಶಿಶುಪಾಲನಾ ಯೋಜನೆ. 2017ರಲ್ಲಿ ಅದು ರಾಷ್ಟ್ರೀಯ ಶಿಶುಪಾಲನಾ ಯೋಜನೆಯಾದಾಗ ದಿನಕ್ಕೆ ಏಳೂವರೆ ತಾಸು, ತಿಂಗಳಿಗೆ 26 ದಿನ ಎಂದು ಬರೆದರು. ಕೊನೆಗೂ ಒಂದು ಅಂಕಿ ಬಂತು! ಆದರೆ ಎಂಟು ತಾಸು ದುಡಿಯುವ ತಾಯಿ ಏಳೂವರೆ ತಾಸಿನೊಳಗೆ ಹೇಗೆ ಬಂದು ಕೂಸನ್ನು ಒಯ್ಯಬೇಕು? ಅಲ್ಲಿ ಉಳಿದ ಹೊತ್ತು ಮತ್ತೆ ಯಾರದೋ ಅಜ್ಜಿಯ ತಲೆಗೆ, ಇಲ್ಲವೇ ಆ ಕೇಂದ್ರದ ಆಯಾಳ ತಲೆಗೆ.

ಲೆಕ್ಕ ಸರಿಯಾಗಿ ಕೂತದ್ದು ಯಾರೂ ನಿರೀಕ್ಷಿಸದ ಕಡೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ. ಹೆಂಗಸರ ಜೊತೆ ಐದು ಅಥವಾ ಹೆಚ್ಚು ಸಣ್ಣ ಮಕ್ಕಳು ಕೆಲಸದ ಜಾಗಕ್ಕೆ ಬಂದರೆ, ಅವರಲ್ಲೇ ಒಬ್ಬಳನ್ನು ಮಕ್ಕಳನ್ನು ನೋಡಲು ಬಿಡಬೇಕು, ಅವಳಿಗೂ ಕೂಲಿ ಕೊಡಬೇಕು ಎಂದು ಅದರ ಅನುಸೂಚಿ ಹೇಳಿತ್ತು. ನರೇಗಾ ಕೆರೆ ಹೂಳೆತ್ತುವ ಜಾಗವನ್ನು ಕಣ್ಣಮುಂದೆ ತಂದುಕೊಳ್ಳಿ. ಹತ್ತು ಜನ ಮಣ್ಣು ಹೊರುತ್ತಾರೆ, ಹನ್ನೊಂದನೆಯವಳು ಗಿಡದ ನೆರಳಲ್ಲಿ ಮಕ್ಕಳ ಹತ್ತಿರ ಇದ್ದಾಳೆ. ಎಲ್ಲರೂ ಒಂದೇ ಹೊತ್ತಿಗೆ ಬರುತ್ತಾರೆ, ಒಂದೇ ಹೊತ್ತಿಗೆ ಹೋಗುತ್ತಾರೆ. ಕೂಸು ದುಡಿಯುವ ಜಾಗದಲ್ಲೇ ಇರುವುದರಿಂದ ದಾರಿಯ ತಾಸು ಅವಳ ಮೇಲೆ ಬೀಳುವುದಿಲ್ಲ. ಮಣ್ಣು ಹೊರುವುದೂ ಕೂಸು ನೋಡುವುದೂ ಒಂದೇ ಹಾಜರಿ ಪುಸ್ತಕದಲ್ಲಿ.

ಜಾರಿ ಎಷ್ಟು ಕಡೆ ಆಯಿತು ಅನ್ನೋದು ಬೇರೆ ಮಾತು, ಆದರೆ ಬರೆದ ತತ್ವ ಮಾತ್ರ ನೇರವಾಗಿತ್ತು. 2023ರ ಬಜೆಟ್ಟಿನಲ್ಲಿ ಕರ್ನಾಟಕ ಸರ್ಕಾರ ಗ್ರಾಮ ಪಂಚಾಯ್ತಿಗಳಲ್ಲಿ ನಾಲ್ಕು ಸಾವಿರ "ಕೂಸಿನ ಮನೆ"ಗಳನ್ನು ಘೋಷಿಸಿತು. ಹೆಸರು ಎಷ್ಟು ಚೆಂದ! ನರೇಗಾ ಕೆಲಸಕ್ಕೆ ಹೋಗುವ ತಾಯಂದಿರನ್ನು ನೆನೆದೇ ಮಾಡಿದ್ದು. 2025ರ ಡಿಸೆಂಬರ್‌ನಲ್ಲಿ ಆ ಹಳೆಯ ಖಾತ್ರಿ ಕಾಯ್ದೆಯ ಜಾಗಕ್ಕೆ ಬೇರೆ ಕಾಯ್ದೆ ಬಂದಿದೆ. ನೆರಳಲ್ಲಿ ಕೂತ ಆ ಹನ್ನೊಂದನೆಯವಳನ್ನು ಮರೆಯದಿದ್ದರೆ ಸಾಕು.

ಧಣಿ ಇಲ್ಲದ ಕೆಲಸ

ಈಗ ಅಕ್ಕನ ಮನೆಗೆ ಬರೋಣ. ಅವಳ ತಾಸು ಗೊತ್ತು ಮಾಡುವ ಕಾಯ್ದೆ ಯಾವುದು?

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಆಳಿಗೆ ದಿನಕ್ಕೆ 9, ವಾರಕ್ಕೆ 48 ತಾಸು ಎನ್ನುತ್ತದೆ. ಅಕ್ಕ ಯಾರ ಆಳೂ ಅಲ್ಲ. 2004ರಲ್ಲಿ ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತು ಮಾಡಿದ ಮೊದಮೊದಲ ರಾಜ್ಯಗಳಲ್ಲಿ ನಮ್ಮದೂ ಒಂದು. ಅದು ಇನ್ನೊಬ್ಬರ ಮನೆಗೆ ಹೋಗಿ ದುಡಿಯುವವರಿಗೆ. ಅಕ್ಕ ದುಡಿಯುವುದು ತನ್ನದೇ ಮನೆಯಲ್ಲಿ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿತು. 2025ರ ನವೆಂಬರ್‌ನಲ್ಲಿ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲೂ ಆ ಮಾತು ಉಳಿದಿದೆ. ಆದರೆ ಅಕ್ಕನ ಮನೆಗೆ ಬರುವ ಏಳು ಮಕ್ಕಳ ತಾಯಂದಿರು ಬಟ್ಟೆ ಅಂಗಡಿ, ಸಣ್ಣ ನರ್ಸಿಂಗ್ ಹೋಮು, ಝೆರಾಕ್ಸ್ ಅಂಗಡಿಯವರು. ಅಲ್ಲೆಲ್ಲ ಐವತ್ತು ಜನ ಎಲ್ಲಿ ಬರಬೇಕು? ಧಣಿ ಇಲ್ಲ, ಹಾಗಾಗಿ ಕಾಯ್ದೆಯೂ ಇಲ್ಲ. ತನಗೆ ತಾನೇ ಧಣಿ, ತನಗೆ ತಾನೇ ಆಳು.

ಕೂತು ಲೆಕ್ಕ ಹಾಕಿದೆ. ಎಂಟರಿಂದ ಏಳೂವರೆ ಅಂದರೆ ಹನ್ನೊಂದೂವರೆ ತಾಸು. ಆರು ದಿನಕ್ಕೆ 69 ತಾಸು. 1891ರಲ್ಲಿ, ಬ್ರಿಟಿಷರ ಕಾಲದಲ್ಲಿ, ಗಿರಣಿಯ ಹೆಂಗಸಿಗೆ ಹಾಕಿದ ಮಿತಿ 11 ತಾಸು, ಅದೂ ಒಂದೂವರೆ ತಾಸು ವಿರಾಮದೊಂದಿಗೆ. 1922ರ ವಾರದ ಮಿತಿ 60. ನಮ್ಮಕ್ಕ ಇವತ್ತು ಹುಬ್ಬಳ್ಳಿಯಲ್ಲಿ, ನೂರಾ ಮೂವತ್ತು ವರ್ಷದ ಹಿಂದಿನ ಗಿರಣಿ ಹೆಂಗಸಿಗಿಂತ ಹೆಚ್ಚು ಹೊತ್ತು ದುಡಿಯುತ್ತಿದ್ದಾಳೆ! ಮಕ್ಕಳು ಮಲಗಿದಾಗ ವಿರಾಮ ಅಲ್ಲವಾ ಅಂತೀರೇನೋ. ಏಳು ಮಕ್ಕಳಲ್ಲಿ ಏಳೂ ಒಮ್ಮೆಗೇ ಮಲಗಿದ್ದನ್ನು ಕಂಡವರು ಯಾರಾದರೂ ಇದ್ದರೆ ತಿಳಿಸಿ.

ಇದು ಇನ್ನೂ ಬೆಳೆಯಬಹುದು. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48ರ ಮಿತಿಯೊಳಗೆ ದಿನಕ್ಕೆ 12 ತಾಸಿನವರೆಗೆ ದುಡಿಸಲು ಅವಕಾಶ ಕೊಟ್ಟಿತು. ತಾಯಿಯ ಹನ್ನೆರಡು ತಾಸಿಗೆ ದಾರಿಯ ಎರಡು ತಾಸು ಸೇರಿಸಿ. ಹದಿನಾಲ್ಕು. ದಿನದ ದುಡಿಮೆ ಎಷ್ಟು ತಾಸು ಎಂದು ಸದನದಲ್ಲಿ ಚರ್ಚೆ ಮಾಡುವಾಗ ಯಂತ್ರದ ಮುಂದೆ ನಿಂತವಳು ಮಾತ್ರ ಕಾಣುತ್ತಾಳೆ. ಅವಳ ಹಿಂದೆ ಹದಿನಾಲ್ಕು ತಾಸು ಬಾಗಿಲು ತೆರೆದು ಕೂತವಳು ಕಾಣುವುದಿಲ್ಲ.

ಹಾಗಾದರೆ ಎಷ್ಟಕ್ಕೆ ಬಾಗಿಲು?

ಇಲ್ಲೊಂದು ತೊಡಕಿದೆ. ಅಕ್ಕ ಆರಕ್ಕೆ ಬಾಗಿಲು ಹಾಕಿದರೆ, ಬಟ್ಟೆ ಅಂಗಡಿಯ ಆ ತಾಯಿ ಏಳರವರೆಗೆ ದುಡಿಯುವುದು ಹೇಗೆ? ಅವಳ ಕೆಲಸವೇ ಹೋದೀತು. ಹತ್ತು ಸಾವಿರದ ಆಸುಪಾಸಿನ ಸಂಬಳದವಳು. "ನನ್ನ ಹೊತ್ತು ನನಗ, ನಿನ್ನ ಹೊತ್ತು ನಿನಗ" ಎಂದು ಒಬ್ಬ ಹೆಣ್ಣುಮಗಳು ಇನ್ನೊಬ್ಬಳಿಗೆ ಹೇಳುವಂತೆ ಮಾಡಿದ್ದೇ ಈ ಚರಿತ್ರೆಯ ದೊಡ್ಡ ಅನ್ಯಾಯ ಅಂತ ನನಗೆ ಅನ್ನಿಸುತ್ತದೆ.

ಗಿರಣಿಗಳು ಇದಕ್ಕೆ ಕಂಡುಕೊಂಡ ದಾರಿ ಹಳೆಯದು: ಪಾಳಿ. ಯಂತ್ರ ಹದಿನಾರು ತಾಸು ಓಡಿದರೂ ಮನುಷ್ಯ ಎಂಟೇ ತಾಸು. ಮನೆಗೂ ಅದನ್ನೇ ತರಬಹುದಲ್ಲ? ನಾನು ಅಕ್ಕನಿಗೆ ಹೇಳಿದ್ದು ಇಷ್ಟು. ಬಾಗಿಲು ತೆರೆದಿರುವ ಹೊತ್ತು ಬೇರೆ, ನಿನ್ನ ಹೊತ್ತು ಬೇರೆ. ಬಾಗಿಲು ಎಂಟರಿಂದ ಏಳು ಇರಲಿ. ನಿನ್ನದು ಎಂಟರಿಂದ ಐದು, ನಡುವೆ ಒಂದು ತಾಸು ವಿರಾಮ. ಓಣಿಯ ಇನ್ನೊಬ್ಬ ಹೆಣ್ಣುಮಗಳು ಹನ್ನೊಂದಕ್ಕೆ ಬಂದು ಏಳರವರೆಗೆ ಇರಲಿ. ಊಟ, ಮಲಗಿಸುವ ಗದ್ದಲದ ಹೊತ್ತಿಗೆ ಇಬ್ಬರೂ ಇರುತ್ತೀರಿ. ಶನಿವಾರ ಮಧ್ಯಾಹ್ನಕ್ಕೆ ಬಾಗಿಲು ಹಾಕು, ಅಲ್ಲಿಗೆ ನಿನ್ನ ವಾರ 48ರ ಒಳಗೆ ಬರುತ್ತದೆ. ಏಳರ ಮೇಲೆ ಕಾಲು ತಾಸು ಮಾಫಿ, ಆಮೇಲೆ ತಾಸಿಗೆ ಇಷ್ಟು ಎಂದು ಮೊದಲೇ ಹೇಳು. ಹಬ್ಬದ ರಜೆ ಯುಗಾದಿಗೇ ಬರೆದು ಗೋಡೆಗೆ ಹಚ್ಚು. ಹೇಳದ ತಾಸಿಗೆ ಯಾರೂ ದುಡ್ಡು ಕೊಡುವುದಿಲ್ಲ, ಗೌರವಧನ ಕೊಡುತ್ತಾರೆ!

ಇದರಿಂದ ತಿಂಗಳ ಫೀಸು ಏರಿತು. ಒಂದು ಮನೆಯವರು ಕೂಸನ್ನು ಬಿಡಿಸಿಕೊಂಡು ಹೋದರು. ಏಳು ಇದ್ದದ್ದು ಆರಾಯಿತು, ಬಂದದ್ದರಲ್ಲಿ ಇಬ್ಬರಿಗೆ ಹಂಚಬೇಕಾಯಿತು. ಅಕ್ಕನ ಕೈಗೆ ಬರುವ ದುಡ್ಡು ಮೊದಲಿಗಿಂತ ಕಡಿಮೆ. ಅದನ್ನು ಮುಚ್ಚಿಡುವುದಿಲ್ಲ. ಕಾಯ್ದೆಯಾಗಲಿ ಪಂಚಾಯ್ತಿಯಾಗಲಿ ನಗರಪಾಲಿಕೆಯಾಗಲಿ ಜೊತೆಗೆ ನಿಲ್ಲದಿದ್ದರೆ, ಈ ತಾಸುಗಳ ಬೆಲೆಯನ್ನು ಬಡ ತಾಯಿ ಮತ್ತು ಬಡ ಆಯಾ ಇಬ್ಬರೇ ಹಂಚಿಕೊಳ್ಳಬೇಕಾಗುತ್ತದೆ. ಧಣಿಗಳು ಈ ಲೆಕ್ಕದೊಳಗೆ ಬಂದೇ ಇಲ್ಲ.

ಆದರೂ ಒಂದು ಬದಲಾಗಿದೆ. ಈ ಮೊದಲು ಪೋಷಕರು ತಡವಾಗಿ ಬಂದಾಗ "ಅಕ್ಕಾರ, ಸ್ವಲ್ಪ ತಡಾ ಆತ್ರಿ" ಅನ್ನುತ್ತಿದ್ದರು. ಅಕ್ಕ "ಇರ್ಲಿ ಬಿಡ್ರಿ" ಅನ್ನುತ್ತಿದ್ದಳು. ಈಗ ಬಾಗಿಲ ಮೇಲಿನ ಹಾಳೆಯಲ್ಲಿ ಏಳು ಅಂತ ಬರೆದಿದೆ. ಅವರೂ ಗಡಿಯಾರ ನೋಡುತ್ತಾರೆ, ಇವಳೂ ನೋಡುತ್ತಾಳೆ. 1891ರ ಕಾಯ್ದೆ ಗಿರಣಿಯ ಗೋಡೆಗೆ ಹಚ್ಚಿದ್ದೂ ಇಂಥದ್ದೇ ಒಂದು ಅಂಕಿ. ಅಂಕಿ ಬರೆದ ಮೇಲೆಯೇ ಅದನ್ನು ಇಳಿಸಲು ಜಗಳ ಆಡಲು ಬಂತು. ಬರೆಯದ ಹೊತ್ತಿನ ಮೇಲೆ ಜಗಳವನ್ನೂ ಆಡಲಾಗುವುದಿಲ್ಲ.

ನಿಮ್ಮ ಊರು, ನಿಮ್ಮ ಓಣಿಗಳಲ್ಲಿ ಕೂಸು ನೋಡುವವರು ಇದ್ದೇ ಇರುತ್ತಾರೆ. ಅವರ ದಿನ ಎಷ್ಟಕ್ಕೆ ಶುರುವಾಗಿ ಎಷ್ಟಕ್ಕೆ ಮುಗಿಯುತ್ತದೆ ಎಂದು ಒಮ್ಮೆ ಕೇಳಿ, ನಿಮ್ಮ ನಿಮ್ಮ ಬ್ಲಾಗುಗಳಲ್ಲಿ ಬರೆಯಿರಿ. ಗಿರಣಿಯ ತಾಸು ಬರೆದ ಚರಿತ್ರೆ ನಮ್ಮಲ್ಲಿದೆ. ತೊಟ್ಟಿಲಿನ ತಾಸು ಬರೆಯುವ ಕೆಲಸ ಇನ್ನೂ ಬಾಕಿ ಇದೆ.